ಚೌಕದ ಡಾಕ್ಟರಿಗೆ ನಾವು ಮಾಡಿದ ಉಪಕಾರ

ನನ್ನ ಹಸುವಿನ ಮೇಲೆ ಒಂದು ಕಥೆ ಬರೆಯಲು ಆಂಬ್ರೋಸ್ ನಾಲ್ಕು ವರ್ಷ ತೆಗೆದುಕೊಂಡ. ಆ ಹಸು ಬದುಕಿದ್ದದ್ದೇ ಒಂಬತ್ತು ವರ್ಷ.

ಪ್ರತಿ ಗುರುವಾರ, ನಾನು ಆಲೂಗಡ್ಡೆಯ ಪಾತ್ರೆ ಇಳಿಸಿ ಕೈ ಒರೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ, ಕಾಗದದ ಕಟ್ಟು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದ. ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಆ ವಾರ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದ. ನಾನು ಕಾಲುಚೀಲ ಹೆಣೆಯುತ್ತ ಕೇಳಬೇಕು. ಓದು ಎರಡು ಪುಟ, ಪ್ರಶ್ನೆ ಇಪ್ಪತ್ತು.

"ಬಾರ್ಬ್ರಾ, ಹಸುವಿನ ಎಡಗಿವಿ ಹರಿದಿತ್ತು ಅಂದ್ರಲ್ಲ, ತುದೀಲೋ ನಡುವೆಯೋ?"

"ತುದೀಲಿ."

"ಹೋದ ವಾರ ನಡುವೆ ಅಂದ್ರಿ."

"ಹಾಗಾದ್ರೆ ನಡುವೆ ಇರ್ಲಿ ಬಿಡು."

"ಇರ್ಲಿ ಬಿಡು ಅಂದ್ರೆ ಏನರ್ಥ? ಹರಿದಿದ್ದು ಒಂದು ಕಡೆ ತಾನೆ?"

"ಅಯ್ಯೋ ಪುಣ್ಯಾತ್ಮ, ಕಥೇಲಿ ಆ ಹಸು ಕೊಚ್ಚೇಲಿ ಹೂತುಹೋಗಿ ಸಾಯ್ತಾ ಇದೆ. ಆಗ ಅದರ ಕಿವಿ ಯಾರು ನೋಡ್ತಾರೆ?"

"ನಾನು ನೋಡ್ತೀನಿ," ಎನ್ನುತ್ತಿದ್ದ.

ಇಂಥವನ ಜೊತೆ ನಾನು ಮೂವತ್ತು ವರ್ಷಕ್ಕೂ ಮೇಲೆ ಗುರುವಾರ ಕಳೆದಿದ್ದೇನೆ. ನಾನು ಶಾಲೆಗೆ ಹೋದದ್ದು ಮೂರು ಚಳಿಗಾಲ ಮಾತ್ರ. ಆದರೆ ಐರಿಷ್ ಭಾಷೆಯಲ್ಲಿ ಅವನು ಅಚ್ಚು ಮಾಡಿಸಿದ ಐದು ಪುಸ್ತಕದಲ್ಲಿ ನಾನು ತೂಗಿ ನೋಡದ ವಾಕ್ಯ ಒಂದಿಲ್ಲ. ಡಬ್ಲಿನ್ನಿನ ಪತ್ರಿಕೆಯವರು ಅವನ ಬರವಣಿಗೆಯಲ್ಲಿ ಕಲ್ಲಿನಂಥ ಖಚಿತತೆ ಇದೆ ಎಂದು ಬರೆದಿದ್ದರಂತೆ. ಕಲ್ಲು ಎಂದದ್ದು ಕೇಳಿ ಅಂದು ನಾನು ಎದ್ದು, ಉರಿಯುತ್ತಿದ್ದ ಒಲೆಯನ್ನೇ ಕೆದಕತೊಡಗಿದೆ. ಕಾರಣ ಹೇಳುತ್ತೇನೆ.

ಆಂಬ್ರೋಸ್ ಮೊದಲು ಬಂದದ್ದು ಬರಹಗಾರನಾಗಿ ಅಲ್ಲ, ವಿಜ್ಞಾನಿಯಾಗಿ. ಆಗ ಅವನಿಗೆ ಇಪ್ಪತ್ತಾರು ವರ್ಷ. ಒಳನಾಡಿನ ಊರೊಂದರ ಮೇಷ್ಟರ ಮಗ. ಕಡಲನ್ನು ಕಂಡದ್ದಕ್ಕಿಂತ ಓದಿದ್ದೇ ಹೆಚ್ಚು. ಕಡಲಕಳೆಯನ್ನು ಕೊಯ್ದರೆ ಮತ್ತೆ ಬೆಳೆಯಲು ಎಷ್ಟು ಕಾಲ ಬೇಕು ಎಂದು ಕಂಡುಹಿಡಿಯಲು ಡಬ್ಲಿನ್ನಿನ ಒಂದು ಕಚೇರಿ ಅವನನ್ನು ನಮ್ಮ ರಿನ್‌ವಾನ್‌ಗೆ ಕಳಿಸಿತ್ತು. ನಮ್ಮ ಮನೆಯಲ್ಲೇ ಉಳಿದುಕೊಂಡ. ಮನೆಯಲ್ಲಿ ಆಗ ನಾನು, ನನ್ನ ಗಂಡ ಫೆಸ್ಟಿ, ನನ್ನ ಅತ್ತೆ ಹನೋರಾ. ಫೆಸ್ಟಿ ಮಾರಾಟಕ್ಕೆ ಕಳೆ ಕೊಯ್ದು, ಹಗ್ಗ ಸುತ್ತಿ ಗುಡ್ಡದಂತೆ ಕಟ್ಟಿ, ಉಬ್ಬರ ಬಂದಾಗ ಆ ತೇಲುವ ಗುಡ್ಡದ ಮೇಲೇ ನಿಂತು ಉದ್ದನೆಯ ಗಳ ಊರುತ್ತ ದಡ ಸೇರಿಸುವವನು. ಕಳೆ ಬೆಳೆಯಲು ಎಷ್ಟು ಕಾಲ ಬೇಕೆಂದು ಅವನನ್ನು ಕೇಳಿದ್ದರೆ ಮುಗಿದಿತ್ತು. ಯಾರೂ ಕೇಳಲಿಲ್ಲ.

ನಮ್ಮಲ್ಲಿ ಒಂದೊಂದು ಮನೆಗೆ ಕಡಲತೀರದ ಒಂದೊಂದು ಪಟ್ಟಿ. ಆಂಬ್ರೋಸ್ ನಮ್ಮ ಪಟ್ಟಿಯಲ್ಲಿ ಕಬ್ಬಿಣದ ಚೌಕಟ್ಟು ಇಟ್ಟು ಹತ್ತು ಚೌಕ ಗುರುತು ಮಾಡಿದ, ಮೂಲೆಗೊಂದು ಗೂಟ ಹೊಡೆದ, ಒಳಗಿದ್ದ ಕಳೆಯನ್ನೆಲ್ಲ ಬುಡದವರೆಗೆ ಕತ್ತರಿಸಿದ. ಏಳು ಚೌಕ ಮೇಲುಗಡೆ, ದಿನವೂ ನೀರು ಇಳಿಯುವ ಕಡೆ. ಮೂರು ಬಹಳ ಕೆಳಗೆ, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಮಾತ್ರ ಕಾಣುವಂಥವು. ಅಂದಿನಿಂದ ಊರಿಗೆ ಅವನು ಚೌಕದ ಡಾಕ್ಟರು.

ತಿಂಗಳಿಗೊಮ್ಮೆ ಹೋಗಿ ಅಳೆಯುತ್ತಿದ್ದ. ಬಂದು, ತಟ್ಟೆಯ ಮುಂದೆ ಕೂತು, ಮೀನಿನ ಮುಳ್ಳನ್ನೇ ನೋಡುತ್ತಿದ್ದ.

"ಏನಾಯ್ತು ಮಗನೇ?" ಹನೋರಾ ಕೇಳುತ್ತಿದ್ದಳು.

"ಏನೂ ಆಗಿಲ್ಲ. ಅದೇ ಕಷ್ಟ."

ಕಳೆ ಒಂದು ಬೆರಳೂ ಏರಿರಲಿಲ್ಲ. ಐದು ತಿಂಗಳಲ್ಲಿ ಏಕೆ ಏರುತ್ತದೆ? ಅವನಿಗೆ ಅದು ದುಃಖವಾಗಿತ್ತೋ, ಇಲ್ಲ ಅವನ ಮುಖವೇ ಹಾಗಿತ್ತೋ, ಈಗ ಯೋಚಿಸಿದರೆ ಅನುಮಾನ. ಮುಖವೇ ಹಾಗಿತ್ತು ಎಂದು ಕಾಣುತ್ತದೆ. ಆದರೆ ಹನೋರಾ ಕರಗಿಹೋದಳು. ಜೊತೆಗೆ ಪಕ್ಕದ ಮನೆಯ ಬಾರ್ಟ್ಲಿಯ ಅಪ್ಪ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಎಲ್ಲರೆದುರು ಕೂಗಿದ್ದ:

"ಹನೋರಾ, ನಿನ್ನ ತೀರಕ್ಕೆ ಕಜ್ಜಿ ಹತ್ತಿದೆಯಲ್ಲೇ! ಮುಲಾಮು ಹಚ್ಚೇ!"

ಆ ಮಾತು ಅವಳಿಗೆ ನಿದ್ದೆ ಬಿಡಿಸಿತು. ತೀರ ಬೋಳಾಗಿರುವುದು ಹೊಲ ಪಾಳು ಬಿದ್ದಂತೆ. ನಮ್ಮಲ್ಲಿ ಮರಳು ಇರುವ ಕಡೆ ಕಳೆ ಬೆಳೆಯಲಿ ಎಂದು ದೊಡ್ಡ ಕಲ್ಲುಗಳನ್ನು ಹೊತ್ತು ತಂದು ಇಡುವುದು ವಾಡಿಕೆ. ಅಜ್ಜಂದಿರು ಇಟ್ಟದ್ದನ್ನು ಮೊಮ್ಮಕ್ಕಳು ಕೊಯ್ಯುತ್ತಾರೆ. ಹಾಗಾಗಿ ಹನೋರಾಗೆ ಹೊಳೆದದ್ದು ವಿಚಿತ್ರವೇನಲ್ಲ.

"ಇದಕ್ಯಾಕೆ ಇಷ್ಟು ಸಂಕಟ?" ಎಂದಳು. "ಅವನ ಬೋಳು ಕಲ್ಲು ತೆಗೆದು, ಬೇರೆ ಕಡೆಯಿಂದ ಕಳೆ ಇರೋ ಕಲ್ಲು ಇಟ್ಟರಾಯ್ತು. ಹುಡುಗನ ಕೆಲಸವೂ ಉಳೀತು, ನಮ್ಮ ಮಾನವೂ ಉಳೀತು."

"ಅಮ್ಮ, ಅವನು ಅದನ್ನ ಅಳೀತಾನೆ," ಎಂದ ಫೆಸ್ಟಿ.

"ಅಳೀಲಿ ಅಂತಾನೇ ಇಡೋದು ಕಣೋ ದಡ್ಡ. ಒಂದೇ ಸಲ ಉದ್ದದ್ದು ಬೇಡ. ಮೊದಲು ಬೆರಳುದ್ದದ್ದು. ಎರಡು ತಿಂಗಳು ಬಿಟ್ಟು ಗೇಣುದ್ದದ್ದು. ಮಗುವಿಗೆ ಅನ್ನ ಅಭ್ಯಾಸ ಮಾಡಿಸಿದ ಹಾಗೆ."

ಹಾಗೆಯೇ ಮಾಡಿದೆವು. ಆಂಬ್ರೋಸ್ ಗಾಲ್ವೇಗೆ ಹೋದ ದಿನ ನೋಡಿ, ಬೆನ್ನಬುಟ್ಟಿಯಲ್ಲಿ ಕಲ್ಲು ಹೊತ್ತು, ಬೆಳಗಿನ ಇಳಿತಕ್ಕೆ ಮೂವರೂ ಹೋಗುತ್ತಿದ್ದೆವು. ಕೆಳಗಿನ ಮೂರು ಚೌಕಕ್ಕೆ ಹೋಗಲಿಲ್ಲ. ಹನೋರಾಗೆ ಮಂಡಿನೋವು; ಅದೂ ಅಲ್ಲದೆ ದೊಡ್ಡ ಇಳಿತದ ದಿನ ಅವನೇ ಅಲ್ಲಿ ಕೂತಿರುತ್ತಿದ್ದ.

ಅವನು ಎಷ್ಟು ಗೆಲುವಾದನೆಂದರೆ! ಹಾಡು ಹೇಳತೊಡಗಿದ. ಎರಡು ಸಲ ಬಡಿಸಿಕೊಂಡ. ಹನೋರಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು. ಇಪ್ಪತ್ತು ತಿಂಗಳಲ್ಲಿ ಏಳು ಚೌಕವೂ ತುಂಬಿದವು. ಕೆಳಗಿನ ಮೂರು ಬೋಳಾಗಿಯೇ ಇದ್ದವು. ಅವನ್ನು ಅಲೆ ಕೆಡಿಸಿದೆ ಎಂದು ಲೆಕ್ಕದಿಂದ ಹೊಡೆದುಹಾಕಿದ. ವರದಿ ಬರೆದ. ಊರೆಲ್ಲ ಅವನನ್ನು ಬೀಳ್ಕೊಟ್ಟಿತು. ಕಲ್ಲಿನ ವಿಷಯ ಅಷ್ಟರಲ್ಲಿ ಊರಿಗೆಲ್ಲ ಗೊತ್ತಿತ್ತು. ನಮ್ಮಲ್ಲಿ ಗೊತ್ತಾಗುವುದು ಬೇರೆ, ಹೇಳುವುದು ಬೇರೆ.

ಏಳು ವರ್ಷದ ಮೇಲೆ ಅವನು ತಿರುಗಿ ಬಂದ. ಎರಡು ಪೆಟ್ಟಿಗೆ, ಒಂದು ಟೈಪ್‌ರೈಟರು. ಸ್ಕಾಟ್‌ಲೆಂಡಿನವರು ಅವನ ವರದಿ ಓದಿ ತಮ್ಮ ಕಡಲಲ್ಲಿ ಮಾಡಿ ನೋಡಿದರಂತೆ, ನಾರ್ವೆಯವರೂ ನೋಡಿದರಂತೆ. ಎಲ್ಲೂ ಕಳೆ ಅಷ್ಟು ಬೇಗ ಬರಲಿಲ್ಲ. ಒಂದು ದೊಡ್ಡ ಸಭೆಯಲ್ಲಿ ಸ್ಕಾಟ್‌ಲೆಂಡಿನವನೊಬ್ಬ ಎದ್ದು, "ಡಾಕ್ಟರ್, ನಿಮ್ಮ ಕಳೆಗೆ ಏನು ಉಣಿಸಿದಿರಿ?" ಎಂದನಂತೆ. ಸಭೆ ನಕ್ಕಿತು. ಅವನು ಕೆಲಸ ಬಿಟ್ಟ. ಇಂಗ್ಲಿಷಿನಲ್ಲಿ ಇನ್ನು ಒಂದು ಸಾಲೂ ಬರೆಯುವುದಿಲ್ಲ ಎಂದು ಶಪಥ ಮಾಡಿ, ನಮ್ಮ ಒಲೆಯ ಪಕ್ಕ ಕಲಿತ ಮಾತಿನಲ್ಲಿ ಬರೆಯಲು ಕೂತ. ದೋಣಿಕಟ್ಟೆಯ ಹಿಂದಿನ ಪುಟ್ಟ ಮನೆ ಹಿಡಿದ. ಮದುವೆಯಾಗಲಿಲ್ಲ.

ಅವನು ಬಂದ ರಾತ್ರಿ ಹನೋರಾ ಅತ್ತಳು. "ಸಾಯೋ ತನಕ ಹೇಳಬೇಡಿ," ಎಂದಳು. ಯಾರು ಸಾಯುವ ತನಕ ಎಂದು ಹೇಳಲಿಲ್ಲ. ಅವಳು ಸತ್ತಳು, ಫೆಸ್ಟಿಯೂ ಹೋದ. ನಾನು ಉಳಿದೆ, ಗುರುವಾರಗಳೂ ಉಳಿದವು.

ಈಗ ನಡೆದದ್ದಕ್ಕೆ ಬರುತ್ತೇನೆ. ನನಗೆ ಆಗ ಎಪ್ಪತ್ತಮೂರು, ಅವನಿಗೆ ಅರವತ್ತೈದು. ತನ್ನ ಬದುಕಿನ ಕಥೆಯನ್ನೇ ಬರೆಯುತ್ತಿದ್ದ, ಆರನೆಯ ಪುಸ್ತಕ. ಇದೇ ಕೊನೆಯದು ಎನ್ನುತ್ತಿದ್ದ. ಎರಡು ವರ್ಷದಿಂದ ಅವನ ಅಜ್ಜಿಯ ಛತ್ರಿ, ಅಪ್ಪನ ಸೈಕಲ್ಲು ಎಲ್ಲ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಒಂದು ಗುರುವಾರ ಬಂದವನೇ, "ಇವತ್ತು ಪ್ರಶ್ನೆ ಇಲ್ಲ ಬಾರ್ಬ್ರಾ, ಸುಮ್ಮನೆ ಕೇಳಿ. ಇದು ನಾನೇ ಕಣ್ಣಾರೆ ನೋಡಿದ್ದು," ಎಂದ. ಓದಿದ.

"ಲೋಕ ನಕ್ಕಿತು. ಆದರೆ ನಾನು ಕಂಡದ್ದನ್ನು ಕಂಡೆ. ರಿನ್‌ವಾನಿನ ಕಡಲು ಇಪ್ಪತ್ತು ತಿಂಗಳಲ್ಲಿ ಮತ್ತೆ ಮೈತುಂಬಿಕೊಂಡಿತು. ಮನುಷ್ಯರು ಸುಳ್ಳು ಹೇಳುತ್ತಾರೆ, ಕಡಲು ಹೇಳುವುದಿಲ್ಲ. ನನ್ನ ಜೀವನದಲ್ಲಿ ನಾನು ಆಣೆ ಮಾಡಿ ಹೇಳಬಲ್ಲ ಸಂಗತಿ ಇದೊಂದೇ."

ನನ್ನ ಹೆಣಿಗೆಯ ಮೂರು ಕುಣಿಕೆ ಜಾರಿದವು.

"ಹೇಗಿದೆ?"

"ಉದ್ದ ಆಯ್ತು," ಎಂದೆ.

"ಉದ್ದಾನಾ? ಇಡೀ ಪುಸ್ತಕ ನಿಂತಿರೋದೇ ಇದರ ಮೇಲೆ. ಬರೋ ಶುಕ್ರವಾರ ಟಪಾಲಿಗೆ ಹಾಕ್ತೀನಿ. ಅಚ್ಚಿನವರು ಕಾಯ್ತಿದ್ದಾರೆ."

ಹಸುವಿನ ಕಿವಿಗೆ ನಾಲ್ಕು ವರ್ಷ, ಇದಕ್ಕೆ ಒಂದು ಪ್ರಶ್ನೆ ಇಲ್ಲ! ಅವನು ಹೋದ ಮೇಲೆ ಹೆಣಿಗೆಯನ್ನು ಬುಟ್ಟಿಗೆ ಎಸೆದು ಬಾರ್ಟ್ಲಿಯ ಮನೆಗೆ ಹೋದೆ. ಬಾರ್ಟ್ಲಿ ನನಗಿಂತ ಎರಡು ವರ್ಷ ಚಿಕ್ಕವನು. ತೀರಕ್ಕೆ ಕಜ್ಜಿ ಎಂದವನ ಮಗ, ಬಾಯಿ ಅಪ್ಪನದೇ.

"ಹೇಳ್ಬೇಡ," ಎಂದ. "ಮೂವತ್ತೆಂಟು ವರ್ಷ ಬಾಯಿ ಮುಚ್ಕೊಂಡಿದ್ದೀಯ. ಇನ್ನೊಂದು ವಾರ ಮುಚ್ಕೊಂಡಿರೋಕೆ ಆಗಲ್ವಾ?"

"ಆಣೆ ಮಾಡಿ ಅಂತ ಬರೆದಿದ್ದಾನೆ ಕಣೋ. ಅಚ್ಚಾಗುತ್ತೆ."

"ಆಗ್ಲಿ. ಯಾರು ಓದ್ತಾರೆ? ನಾವೇ. ನಮಗೆ ಗೊತ್ತೇ ಇದೆ."

"ಅದೇ ಹೇಳ್ತಿರೋದು! ಊರಿಗೂರೇ ಅವನ ಪುಸ್ತಕ ಹಿಡ್ಕೊಂಡು ಬೆನ್ನ ಹಿಂದೆ ನಗುತ್ತೆ. ನೀನೇ ಮೊದಲು. ಶಾಲೇಲಿ ಮಕ್ಕಳು ಓದ್ತಾರೆ, ಅವರ ಅಜ್ಜಂದಿರು ಮನೇಲಿ ಕಿಸಿಕಿಸಿ ಅಂತಾರೆ. ಒಂದು ಸಭೆ ನಕ್ಕಿದ್ದಕ್ಕೆ ಇಲ್ಲಿಗೆ ಓಡಿ ಬಂದ. ಇಲ್ಲಿಂದ ಎಲ್ಲಿಗೆ ಓಡ್ತಾನೆ?"

"ಹೇಳಿದ್ರೆ ಇನ್ನೂ ಬೇಗ ಓಡ್ತಾನೆ," ಎಂದ ಬಾರ್ಟ್ಲಿ. "ಅವನ ಅನ್ನ ಕಿತ್ಕೊಂಡೋರು ನಾವೇ ಅಂತ ಗೊತ್ತಾದ್ಮೇಲೆ ನಮ್ಮ ಮುಖ ನೋಡ್ತಾನಾ? ಟೀ ಕುಡಿ. ಹೇಳ್ಬೇಡ."

ಟೀ ಕುಡಿದೆ. ಆ ರಾತ್ರಿ ಜಪಮಾಲೆ ಹಿಡಿದು ಹನೋರಾಗೇ ಬೈದೆ. ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಆಂಬ್ರೋಸನ ಮನೆಗೆ ಹೋದೆ.

ಅವನು ಟೈಪ್ ಮಾಡುತ್ತಿದ್ದ. ನನ್ನನ್ನು ನೋಡಿ ಗಾಬರಿಯಾದ. ಅಷ್ಟು ವರ್ಷದಲ್ಲಿ ನಾನು ಅವನ ಮನೆಗೆ ಹೋದದ್ದು ನಾಲ್ಕೈದು ಸಲ ಇರಬಹುದು.

"ಬನ್ನಿ, ಬನ್ನಿ. ಒಳ್ಳೇದಾಯ್ತು. ಫೆಸ್ಟಿ ಟೋಪಿ ಕಂದು ಬಣ್ಣದ್ದೋ ಬೂದೋ?"

"ಆಂಬ್ರೋಸ್, ಒಂದು ವಿಷಯ ಹೇಳ್ಬೇಕು."

"ಹೇಳಿ, ಹೇಳಿ. ಟೋಪಿ?"

"ಬೂದು. ಕೇಳಿಲ್ಲಿ. ನಿನ್ನ ಚೌಕಗಳಲ್ಲಿ..."

"ಪೂಜೆಗೆ ಹಾಕ್ಕೊಳೋದೂ ಬೂದೇನಾ?"

"ಟೋಪಿ ಸುಟ್ಟು ಹೋಗ್ಲಿ!" ನಾನು ಕೂಗಿದೆ. ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿದ್ದು ಹಸು ಕೊಚ್ಚೆಗೆ ಬಿದ್ದಾಗ ಮಾತ್ರ. "ಆ ಕಲ್ಲುಗಳನ್ನ ಇಟ್ಟಿದ್ದು ನಾವು ಕಣೋ."

"ಯಾವ ಕಲ್ಲು?"

"ನಿನ್ನ ಚೌಕದ ಕಲ್ಲು. ಬೋಳು ಕಲ್ಲು ತೆಗೆದು ಕಳೆ ಇರೋ ಕಲ್ಲು ಇಟ್ವಿ. ಹನೋರಾ, ಫೆಸ್ಟಿ, ನಾನು. ನೀನು ಗಾಲ್ವೇಗೆ ಹೋದಾಗಲೆಲ್ಲ. ಚಿಕ್ಕದು ಮೊದಲು, ಆಮೇಲೆ ದೊಡ್ಡದು."

ಅವನು ಟೈಪ್‌ರೈಟರಿನ ಮೇಲಿಂದ ಕೈ ತೆಗೆಯಲಿಲ್ಲ. ಒಂದು ಅಕ್ಷರ ತಾನಾಗಿ ಬಿದ್ದಿತು.

"ಎಲ್ಲಾ ಹತ್ತರಲ್ಲೂ?"

"ಏಳರಲ್ಲಿ. ಕೆಳಗಿನ ಮೂರಕ್ಕೆ ಹೋಗಲಿಲ್ಲ. ಹನೋರಾ ಮಂಡಿ..."

ಅವನು ಎದ್ದು, ಮಂಚದ ಕೆಳಗಿಂದ ಒಂದು ಪೆಟ್ಟಿಗೆ ಎಳೆದು, ಹಳದಿಯಾದ ಪುಸ್ತಕ ತೆಗೆದು ಪುಟ ತಿರುವಿದ. ಕೆಂಪು ಗೀರು ಎಳೆದಿದ್ದ ಒಂದು ಪುಟದ ಮೇಲೆ ಬೆರಳಿಟ್ಟ. ಆ ಮೂರು ಚೌಕದ ಲೆಕ್ಕ. ಅಲೆ ಕೆಡಿಸಿದೆ ಎಂದು ಹೊಡೆದುಹಾಕಿದ್ದು. ಅದಷ್ಟೇ ನಿಜವಾದದ್ದು.

"ಊರಲ್ಲಿ ಯಾರಿಗೆಲ್ಲ ಗೊತ್ತು?"

ಸುಳ್ಳು ಹೇಳಬೇಕೆನಿಸಿತು. "ಎಲ್ಲರಿಗೂ," ಎಂದೆ.

"ಈಗ ನೀವು ಹೋಗಿ, ಬಾರ್ಬ್ರಾ."

ಹೋದೆ.

ಮುಂದಿನ ಗುರುವಾರ ಅವನು ಬರಲಿಲ್ಲ. ಆಲೂಗಡ್ಡೆ ಇಳಿಸಿ, ಕುರ್ಚಿ ಒರೆಸಿ ಕೂತಿದ್ದೆ. ಶುಕ್ರವಾರ ಪುಸ್ತಕದ ಕಟ್ಟೂ ಟಪಾಲಿಗೆ ಹೋಗಲಿಲ್ಲ. ಅವನ ಮನೆಯ ಬಾಗಿಲಲ್ಲಿ ಪೆಟ್ಟಿಗೆ ಕಂಡಿತು ಎಂದು ಟಪಾಲಿನ ವ್ಯಾನಿನ ಜೇಮ್ಸೀ ಹೇಳಿದ. ನಾನು ಬಾಯಿ ಬಿಟ್ಟೆ, ಡಾಕ್ಟರು ಊರು ಬಿಡುತ್ತಾರೆ ಎನ್ನಲು ಅಷ್ಟು ಸಾಕಾಯಿತು. ಊರಿಗೂರೇ ನನ್ನ ಮೇಲೆ ತಿರುಗಿಬಿತ್ತು. ಅಂಗಡಿಯಲ್ಲಿ ಸಕ್ಕರೆ ಕೇಳಿದರೆ, "ಸಕ್ಕರೆ ಇದೆ, ಡಾಕ್ಟರು ಇಲ್ಲ," ಎನ್ನುತ್ತಾಳೆ ಅಂಗಡಿಯ ಡಿಲಿಯಾ. ಪೂಜೆಯಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಬಾರ್ಟ್ಲಿ ಬೇಲಿಯ ಆಚೆಯಿಂದ, "ಟೀ ಕುಡಿ, ಹೇಳ್ಬೇಡ ಅಂದೆ. ಟೀ ಮಾತ್ರ ಕುಡಿದೆ," ಎಂದ. ಮೂವತ್ತೆಂಟು ವರ್ಷ ಎಲ್ಲರೂ ಸೇರಿ ಹೊತ್ತ ಪಾಪ ಒಂದೇ ವಾರದಲ್ಲಿ ನನ್ನೊಬ್ಬಳ ತಲೆಗೆ ಬಂತು.

ಇನ್ನೊಂದು ಗುರುವಾರವೂ ಹೋಗಿ, ಹದಿನಾರನೆಯ ದಿನ ಅವನು ಬಂದ. ಶನಿವಾರ. ಕದ ತಟ್ಟಲಿಲ್ಲ, ಕೂರಲಿಲ್ಲ.

"ಹಸುವಿನ ಬಾಲದ ಕೂದಲು ಎಷ್ಟಿತ್ತು ಅಂತ ನೀವು ನನ್ನ ತಿದ್ದಿದಿರಿ," ಎಂದ. "ಉಪ್ಪುಮೀನು ನೇತುಹಾಕೋ ಮೊಳೆ ಯಾವ ಗೋಡೇಲಿ ಅಂತ ತಿದ್ದಿದಿರಿ. ಇದನ್ನ ಮಾತ್ರ ಬಿಟ್ಟುಬಿಟ್ಟಿರಿ. ನಮ್ಮಪ್ಪ ಸಾಯೋವರೆಗೂ ಅದನ್ನ 'ಆ ವಿಷಯ' ಅಂತಿದ್ರು. ಮಗ ಮೋಸಗಾರ ಅಂದ್ಕೊಂಡೇ ಸತ್ತರು. ಒಂದು ಮಾತು ಹೇಳೋಕೆ ನಿಮಗೆ ಏನಾಗಿತ್ತು?"

"ನೀನು ಹಸು ಬಗ್ಗೆ ಕೇಳಿದೆ, ಹೇಳಿದೆ. ಮೊಳೆ ಬಗ್ಗೆ ಕೇಳಿದೆ, ಹೇಳಿದೆ. ಕಲ್ಲಿನ ಬಗ್ಗೆ ಯಾವತ್ತಾದ್ರೂ ಕೇಳಿದೆಯಾ?"

"ಕಲ್ಲನ್ನ ಯಾರಾದ್ರೂ ಹೊತ್ತು ತಂದಿಟ್ರಾ ಅಂತ ಯಾವ ವಿಜ್ಞಾನಿ ಕೇಳ್ತಾನೆ?"

"ಇಲ್ಲಿ ಹುಟ್ಟಿದೋನು ಯಾರಾದ್ರೂ ಕೇಳ್ತಿದ್ದ. ನಾವು ಕಲ್ಲು ಹೊರೋ ಜನ ಅಂತ ನೋಡಿದ್ದೆ ತಾನೆ? ಚಳಿಗಾಲ ಪೂರ್ತಿ ಎದುರಿಗೇ ಹೊರ್ತಿದ್ವಿ! ಫೆಸ್ಟೀನ ಒಂದು ಸಲ ಕೇಳಿದ್ರೆ ಕಳೆಗೆ ಐದು ವರ್ಷ ಬೇಕು ಅಂತ ನಿಂತಲ್ಲೇ ಹೇಳ್ತಿದ್ದ. ನೀನು ಕೇಳಿದ್ದು ಗೂಟವನ್ನ, ಅಳತೆಪಟ್ಟಿಯನ್ನ!"

ಅದು ಹೇಳಬಾರದಿತ್ತು. ಅವನ ಅಪ್ಪನ ಮಾತಿಗೆ ನಾನು ಉತ್ತರ ಕೊಟ್ಟಿರಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಬಾಗಿಲಲ್ಲಿ ಬಾರ್ಟ್ಲಿ ತಲೆ ಹಾಕಿದ. ಆ ಮನುಷ್ಯನಿಗೆ ಸಮಯ ತಿಳಿಯುವುದಿಲ್ಲ.

"ಡಾಕ್ಟರೇ, ಸಿಟ್ಟಾಗ್ಬೇಡಿ," ಎಂದ. "ಕಲ್ಲು ಇಡದೇ ಇದ್ದಿದ್ರೆ ನೀವು ಡಬ್ಲಿನ್ನಲ್ಲಿ ದೊಡ್ಡ ಸಾಹೇಬ್ರಾಗಿ ಹೊಟ್ಟೆ ಬೆಳೆಸ್ಕೊಂಡಿರ್ತಿದ್ರಿ. ಐದು ಪುಸ್ತಕ ಎಲ್ಲಿಂದ ಬರ್ತಿತ್ತು? ಒಂದು ಲೆಕ್ಕದಲ್ಲಿ ನಿಮ್ಮನ್ನ ಬರಹಗಾರ ಮಾಡಿದೋರು ನಾವೇ."

ಆಂಬ್ರೋಸ್ ಅವನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು. "ಹೊರಗೆ ಹೋಗು ಬಾರ್ಟ್ಲಿ," ಎಂದ. ಬಾರ್ಟ್ಲಿ ಹೋದ. ಆಂಬ್ರೋಸ್ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಜೇಬಿನಿಂದ ಪೆನ್ಸಿಲ್ ತೆಗೆದ.

"ಈಗ ಕೇಳ್ತೀನಿ," ಎಂದ. "ಮೊದಲ ಕಲ್ಲು. ಯಾವ ಚೌಕ, ಯಾವ ತಿಂಗಳು, ಯಾರು?"

ಹೇಳಿದೆ. ದೀಪ ಹಚ್ಚುವವರೆಗೂ ಹೇಳಿದೆ. ನನ್ನ ನೆನಪಿಗೆ ತುಕ್ಕು ಹಿಡಿದಿಲ್ಲ. ಅವನು ಜೊತೆಗೆ ತಂದಿದ್ದ ಹಳೆಯ ಲೆಕ್ಕದ ಪುಸ್ತಕ ತೊಡೆಯ ಮೇಲಿಟ್ಟು ಒಂದೊಂದನ್ನೂ ಹೊಂದಿಸಿ ನೋಡಿದ. ಹನೋರಾ ಗೇಣುದ್ದದ ಕಲ್ಲು ಇಟ್ಟ ತಿಂಗಳಲ್ಲಿ ಅವನು ಗೇಣುದ್ದ ಎಂದೇ ಬರೆದಿದ್ದ. "ಅಳತೆ ಸರಿಯಾಗಿತ್ತು," ಎಂದು ತನಗೆ ತಾನೇ ಹೇಳಿಕೊಂಡ. ಕ್ಷಮೆಯ ಮಾತು ನಾನು ಕೊನೆಗೂ ಆಡಿದೆ. ಅವನು ತಲೆ ಎತ್ತದೆ, "ಅದು ಆಮೇಲೆ. ಆರನೇ ಚೌಕ?" ಎಂದ.

ಅವನು ಆ ಅಧ್ಯಾಯವನ್ನು ಹರಿದು ಹೊಸದಾಗಿ ಬರೆಯುತ್ತಿದ್ದಾನೆ, ಕಲ್ಲು ಹೊತ್ತವರ ಹೆಸರು ಹಾಕುತ್ತಾನೆ ಎಂಬ ಸುದ್ದಿ ಹಬ್ಬಿತು. ದೇವರೇ, ಆಗ ಶುರುವಾಯಿತು ನೋಡಿ. ಮೊದಲು ಬಂದವನು ಬಾರ್ಟ್ಲಿ.

"ನಮ್ಮಪ್ಪನೂ ಎರಡು ಕಲ್ಲು ಹೊತ್ತಿದ್ದ. ಬರ್ಕೊಳ್ಳಿ."

"ನಿಮ್ಮಪ್ಪ ಕಜ್ಜಿ ಅಂತ ಕೂಗಿದೋನು," ಎಂದೆ ನಾನು.

"ಕೂಗಿದ ಪಶ್ಚಾತ್ತಾಪಕ್ಕೇ ಹೊತ್ತದ್ದು!"

ಡಿಲಿಯಾಳ ಅಮ್ಮ ಹನ್ನೆರಡು ಹೊತ್ತಿದ್ದಳಂತೆ, ಬಸುರಿಯಾಗಿದ್ದಾಗ. ಜೇಮ್ಸೀಯ ಇಬ್ಬರು ಚಿಕ್ಕಪ್ಪಂದಿರು ದೋಣಿಯಲ್ಲಿ ಒಂದು ಹೇರು ತಂದಿದ್ದರಂತೆ. ನಾವು ಕಲ್ಲು ಇಟ್ಟು ಹತ್ತು ವರ್ಷ ಆದ ಮೇಲೆ ಊರಿಗೆ ಬಂದ ಒಂದು ಮನೆಯವರೂ ತಮ್ಮದೊಂದು ಸಣ್ಣ ಕಲ್ಲು ಇರಲಿ ಎಂದು ಕೇಳಿದರು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಊರು ಕಟ್ಟೆ ಒಡೆದ ಹಾಗೆ ಮಾತಾಡಿತು. ಆಂಬ್ರೋಸ್ ಎಲ್ಲವನ್ನೂ ಬರೆದುಕೊಂಡ. ಗುರುವಾರ ಬಂದು ಕಾಗದವನ್ನು ನನ್ನ ಮೇಜಿನ ಮೇಲೆ ಹೊಡೆದ.

"ಏಳು ಚೌಕಕ್ಕೆ ಅರವತ್ತು ಕಲ್ಲು ಹಿಡಿದರೆ ಹೆಚ್ಚು. ಒಂದಕ್ಕೆ ಮೂರು ಸಲ ಬದಲಾಯಿಸಿದ್ರೂ ನೂರೆಂಬತ್ತು. ಊರವರು ಇಲ್ಲಿವರೆಗೆ ಹೊತ್ತಿರೋದು ನಾನೂರ ಹನ್ನೊಂದು! ಕಡಲಲ್ಲಿ ಕಲ್ಲೇ ಉಳಿದಿರಬಾರದು!"

"ಹೊತ್ತೋರು ಮೂರೇ ಜನ ಅಂತ ಹೇಳಿದೆನಲ್ಲ."

"ಹಾಗಂತ ಬರೆದರೆ ಉಳಿದೋರೆಲ್ಲ ಸುಳ್ಳುಗಾರರು ಅಂತ ಬರೆದ ಹಾಗೆ. ಬರೀದೇ ಇದ್ದರೆ ನಾನೇ ಸುಳ್ಳುಗಾರ. ಮತ್ತೆ."

ಆ 'ಮತ್ತೆ' ಎಂದದ್ದು ಕೇಳಲಾಗಲಿಲ್ಲ. ಹೆಣಿಗೆ ಕೆಳಗಿಟ್ಟೆ.

"ನೋಡು," ಎಂದೆ. "ಕಲ್ಲು ಹೊತ್ತೋರು ಮೂವರು. ಅದನ್ನ ಹಾಗೇ ಬರಿ. ಉಳಿದೋರು ಮೂವತ್ತೆಂಟು ವರ್ಷ ನಿನ್ನೆದುರು ಬಾಯಿ ಬಿಡಲಿಲ್ಲ. ಬಾರ್ಟ್ಲಿ ಕುಡಿದು ಚರಂಡೀಲಿ ಬಿದ್ದಾಗ ಎತ್ತಿ ಮನೆಗೆ ಕರ್ಕೊಂಡು ಹೋದೋನು ನೀನು. ದಾರೀಲಿ ಅವನಮ್ಮನ ಗುಟ್ಟೂ ಹೇಳಿದ, ಇದನ್ನ ಹೇಳಲಿಲ್ಲ. ಅದು ನಿನಗೆ ಉಪಕಾರವೋ ಅಪಕಾರವೋ ನನಗೆ ಗೊತ್ತಿಲ್ಲ. ನೀನು ಓದಿದೋನು, ನೀನೇ ನೋಡ್ಕೋ. ಆದ್ರೆ ಅದು ನಿಜ. ಅದನ್ನ ಬರಿ."

ಅವನು ಅಂದು ಬೇರೆ ಏನನ್ನೂ ಕೇಳದೆ ಹೋದ. ಮೂರು ವಾರ ಬರೆದ. ಬಂದು ಓದಿದಾಗ ಮೂವರ ಹೆಸರು ಇತ್ತು, ಮಂಡಿನೋವು ಇತ್ತು. ಹೊಡೆದುಹಾಕಿದ ಮೂರು ಚೌಕದ ಲೆಕ್ಕ ಪೂರ್ತಿಯಾಗಿ ಇತ್ತು, ಕೆಂಪು ಗೀರು ಎಳೆದ ಕೈ ತನ್ನದೇ ಎಂದೂ ಇತ್ತು. ಆಮೇಲೆ ಊರಿನ ಮನೆಮನೆಯ ಹೆಸರು ಹೇಳಿ, ಇವರು ನನಗೆ ಹೇಳಲಿಲ್ಲ ಎಂದು ಬರೆದಿದ್ದ. ಅಷ್ಟೇ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಕೇಳಿ ನನಗೆ ಚಳಿಯಾಯಿತು. ಆದರೂ ಅದು ಅವನು ಬರೆದದ್ದರಲ್ಲೆಲ್ಲ ಒಳ್ಳೆಯದು. ನನಗೆ ಅಷ್ಟು ತಿಳಿಯುತ್ತದೆ.

ಬಾರ್ಟ್ಲಿಗೆ ಮಾತ್ರ ಸಮಾಧಾನವಾಗಲಿಲ್ಲ. "ಎರಡು ಕಲ್ಲಾದ್ರೂ ಹಾಕ್ಬಹುದಿತ್ತು," ಎಂದು ಇವತ್ತಿಗೂ ಗೊಣಗುತ್ತಾನೆ.

"ಇದನ್ನ ಸ್ಕಾಟ್‌ಲೆಂಡಿನೋರು ಓದೋಕಾಗಲ್ಲವಲ್ಲ," ಎಂದೆ ನಾನು ಆಂಬ್ರೋಸನಿಗೆ. "ನಕ್ಕೋರು ಅವರು. ನೀನು ಹೇಳ್ತಿರೋದು ಆಗಲೇ ಗೊತ್ತಿರೋ ನಮಗೆ."

ಅವನು ಮುಖ ಗಂಟಿಕ್ಕಿದ. ಶಪಥ ಎಂದ. ನಿನ್ನ ಶಪಥಕ್ಕಿಷ್ಟು ಎಂದೆ. ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಇಂಗ್ಲಿಷಿನಲ್ಲಿ ಒಂದೂವರೆ ಪುಟದ ಕಾಗದ ಬರೆದು ಸ್ಕಾಟ್‌ಲೆಂಡಿಗೆ ಹಾಕಿದ. ಮುಕ್ಕಾಲು ಗಂಟೆ ಹಿಡಿಯಿತಂತೆ. ಪ್ರಶ್ನೆ ಕೇಳಿ ನಗಿಸಿದವನು ಸತ್ತು ಆರು ವರ್ಷವಾಗಿದೆ ಎಂದು ಅವನ ಮಗಳಿಂದ ಉತ್ತರ ಬಂತು. ಅದನ್ನು ಆಂಬ್ರೋಸ್ ನನಗೆ ಓದಿ ಹೇಳಿದ, ಮಡಚಿ ಹಳೆಯ ಲೆಕ್ಕದ ಪುಸ್ತಕದೊಳಗೆ ಇಟ್ಟ.

ಪುಸ್ತಕ ಕಳಿಸುವ ಶುಕ್ರವಾರ ಕೊನೆಗೂ ಬಂತು. ಜೇಮ್ಸೀ ನನ್ನ ಮನೆಯ ಮುಂದೆ ವ್ಯಾನು ನಿಲ್ಲಿಸಿದ. ಆಂಬ್ರೋಸ್ ಕಟ್ಟನ್ನು ಅವನ ಕೈಗೆ ಕೊಟ್ಟೂ ಹಿಡಿತ ಬಿಡದೆ ನಿಂತ.

"ಒಂದು ನಿಮಿಷ. ಹನೋರಾ ಮೊದಲ ಕಲ್ಲು ಇಟ್ಟ ಬೆಳಿಗ್ಗೆ ಮಂಜು ಇತ್ತು ಅಂದ್ರಿ ಬಾರ್ಬ್ರಾ. ದಟ್ಟ ಮಂಜೋ, ತೆಳು ಮಂಜೋ?"

"ಜೇಮ್ಸೀ," ಎಂದೆ, "ಬಾಗಿಲು ಹಾಕು. ಹೊರಡು."

"ಅಜ್ಜಿ, ಡಾಕ್ಟರು ಇನ್ನೂ..."

"ಹೊರಡು ಅಂದೆ!"

ಹೊರಟ. ಅರವತ್ತೈದು ವರ್ಷದ ಮನುಷ್ಯ ವ್ಯಾನಿನ ಹಿಂದೆ ತಿರುವಿನವರೆಗೂ ಓಡಿದ, ಕೈ ಬೀಸುತ್ತ, "ದಟ್ಟವೋ ತೆಳುವೋ!" ಎಂದು ಕೂಗುತ್ತ. ಬಾರ್ಟ್ಲಿ ಬೇಲಿಗೆ ಒರಗಿ ನೋಡುತ್ತಿದ್ದ. ಆಮೇಲೆ ಆಂಬ್ರೋಸ್ ಮೆಲ್ಲಗೆ ನಡೆದು ಬಂದು, ಏದುಸಿರು ಬಿಡುತ್ತ ನನ್ನ ಹೊಸ್ತಿಲ ಮೇಲೆ ಕೂತ. ಮುಖ ಬಿಳುಪಾಗಿತ್ತು. ಬೆಟ್ಟದಾಚೆಯ ರಸ್ತೆಯಲ್ಲಿ ವ್ಯಾನಿನ ಸದ್ದು ಕೇಳದಾಯಿತು.

"ಇನ್ನೇನು ಉಳೀತು?" ಎಂದ.

"ಹೊಟ್ಟೆಗೆ ಏನಾದ್ರೂ ಹಾಕ್ಕೋ," ಎಂದು ನಾನು ಒಳಗೆ ಹೋಗಿ ಬಾಣಲೆ ಇಟ್ಟೆ.